ವಾಸನೆ ಹೋದ ಹುಲ್ಲು

ಬಿಎಸ್ಸಿ ಎರಡನೇ ವರ್ಷ. ಬಳ್ಳಾರಿ ಬಿಸಿಲು ಗೊತ್ತಲ್ಲ, ಬಾಟನಿ ಲ್ಯಾಬಿನ ಕಬ್ಬಿಣದ ಕಪಾಟು ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ಅದರೊಳಗೇ ನಮ್ಮ ಹರ್ಬೇರಿಯಂ, ಅಂದರೆ ಒಣಗಿಸಿ ಹಾಳೆಗೆ ಹೊಲಿದಿಟ್ಟ ಗಿಡಗಳ ಸಂಗ್ರಹ. ಬಾಗಿಲು ತೆಗೆದರೆ ನುಸಿ ಗುಳಿಗೆ ವಾಸನೆ, ಹಳೇ ಪೇಪರ್ ವಾಸನೆ. ಹುಲ್ಲಿನದು ಮಾತ್ರ ಇಲ್ಲ!

ನನ್ನ ಪಾಲಿಗೆ ಬಂದ ಪ್ರಾಜೆಕ್ಟ್ ಸಿಂಬೊಪೋಗಾನ್, ಅಂದರೆ ಮಜ್ಜಿಗೆ ಹುಲ್ಲಿನ ಬಳಗ. ಮೂಸಿ ನೋಡಿ ಹೆಸರು ಬರೆದರಾಯ್ತು ಅಂತ ಹಿತ್ತಿಲಿನಿಂದ ಅವ್ವ ಚಹಾಕ್ಕೆ ಹಾಕುವ ಹುಲ್ಲನ್ನೇ ಕಿತ್ತು ತಂದೆ. ಮೇಡಂ ತಿರುವಿ ನೋಡಿ "ತೆನೆ ಎಲ್ಲಿ?" ಅಂದರು. ಮನೆಯಲ್ಲಿ ಬೆಳೆಸುವ ಮಜ್ಜಿಗೆ ಹುಲ್ಲು ತೆನೆ ಬಿಡುವುದೇ ಅಪರೂಪ. ಬರೀ ಎಲೆ ನೋಡಿ ಹುಲ್ಲಿನ ಜಾತಿ ಹೇಳುವುದು ಬಲು ಕಷ್ಟ.

ಕಪಾಟಿನ ಹಳೇ ಹಾಳೆಯೊಂದರ ತೆನೆಯನ್ನು ಬಿಸಿನೀರಲ್ಲಿ ನೆನೆಸಿ ಲೆನ್ಸ್ ಕೆಳಗೆ ಇಟ್ಟರು. ನುಚ್ಚಕ್ಕಿಯಷ್ಟು ಸಣ್ಣ ಹೂಗೊಂಚಲು, ಜೋಡಿ ಜೋಡಿ. ಜೋಡಿಯಲ್ಲಿ ಒಂದು, ಕಡ್ಡಿಗೆ ಅಂಟಿಕೊಂಡೇ ಕೂತಿರುತ್ತದೆ, ಇನ್ನೊಂದಕ್ಕೆ ತೊಟ್ಟಿದೆ. ಕೂತದ್ದರ ಹೊರಸಿಪ್ಪೆಯ ಬೆನ್ನು ಚಪ್ಪಟೆಯೋ, ನಡುವೆ ಗೀರಿದಂತೆ ತಗ್ಗೋ, ಇಂಥದ್ದನ್ನು ನೋಡಿಯೇ ಗುಂಪು ಮಾಡುತ್ತಾರೆ. ತೆನೆಯನ್ನು ಅಪ್ಪಿಕೊಂಡಿರುವ ಪುಟ್ಟ ಎಲೆ ದೋಣಿ ಥರ ಕಾಣುತ್ತಿತ್ತು. ಸಿಂಬೊಪೋಗಾನ್ ಅಂದರೂ ಗ್ರೀಕ್‌ನಲ್ಲಿ ದೋಣಿ, ಗಡ್ಡ ಅಂತಲೇ ಅರ್ಥವಂತೆ. 1815ರಲ್ಲಿ ಜರ್ಮನ್ ಸಸ್ಯಶಾಸ್ತ್ರಜ್ಞ ಸ್ಪ್ರೆಂಗೆಲ್ ಇಟ್ಟ ಹೆಸರು. ಆದರೂ ಎಷ್ಟೋ ಜನ ಇವನ್ನೆಲ್ಲ ಆಂಡ್ರೊಪೋಗಾನ್ ಅನ್ನುವ ಇನ್ನೊಂದು ಹುಲ್ಲಿನ ಕುಲದ ದೊಡ್ಡ ಚೀಲಕ್ಕೇ ತುಂಬುತ್ತಿದ್ದರು. 1906ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಒಟ್ಟೊ ಸ್ಟಾಪ್ಫ್ ಭಾರತ, ಸಿಲೋನಿನ ಎಣ್ಣೆಹುಲ್ಲುಗಳನ್ನು (ಘಮದ ಎಣ್ಣೆ ಕೊಡುವ ಹುಲ್ಲುಗಳನ್ನು) ಬಿಡಿಸಿ ಬಿಡಿಸಿ ಹೊಂದಿಸಿದ. ಒಣಗಿದ ಹಾಳೆಗಳ ಮುಂದೆ ಕೂತು ಮಾಡುವ ಇಂಥ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕು, ಅಲ್ವಾ?

ಎಲ್ಲಕ್ಕೂ ಹಾಳೆ ಉತ್ತರ ಕೊಡುವುದಿಲ್ಲ ಅನ್ನುವುದೂ ಆಗಲೇ ಗೊತ್ತಾಯಿತು. ಇದೇ ಬಳಗದ ಪಾಮರೋಸಾ ಹುಲ್ಲಿನಲ್ಲಿ ಮೋತಿಯಾ, ಸೋಫಿಯಾ ಅಂತ ಎರಡು ಬಗೆ. ನೋಡೋಕೆ ಹೆಚ್ಚು ಕಡಿಮೆ ಒಂದೇ, ಎಣ್ಣೆಯ ಘಮ ಬೇರೆ. ಮೋತಿಯಾದ್ದು ಗುಲಾಬಿಯ ಹಾಗೆ, ಅದಕ್ಕೇ ಬೆಲೆ ಜಾಸ್ತಿ. ಹಾಗಾಗಿ ಕಿತ್ತ ಕ್ಷಣವೇ ಎಲೆ ಉಜ್ಜಿ ಮೂಸಿ, ವಾಸನೆ ಹೇಗಿದೆ, ನೆಲ ಒಣವೋ ಜೌಗೋ ಅಂತ ಲೇಬಲ್‌ಗೆ ಬರೆದುಕೊಳ್ಳಬೇಕು.

ನಾನು ಬರೆದುಕೊಳ್ಳಲಿಲ್ಲ. ಸಂಡೂರಿನ ಗುಡ್ಡದಲ್ಲಿ ಬಸ್ಸಿಗೆ ಹೊತ್ತಾಯಿತು ಅಂತ ಕಿತ್ತ ಹುಲ್ಲನ್ನು ಸುಮ್ನೆ ಪೇಪರಿನ ಮಧ್ಯೆ ತುರುಕಿ ಓಡಿಬಂದಿದ್ದೆ. ವಾರವಿಡೀ ಪೇಪರ್ ಬದಲಿಸಿ, ಒಣಗಿಸಿ, ದಾರ ಹಾಕಿ ಹೊಲಿದು ತಂದಿಟ್ಟೆ. ಮೇಡಂ ಬೈಯಲಿಲ್ಲ. ಪೆನ್ನು ಕೊಟ್ಟು ನಿಂತರು.

ಹೋದ ವರ್ಷ ಕಾಲೇಜಿಗೆ ಹೋದಾಗ ಕೇಳಿ ಆ ಹಾಳೆ ತೆಗೆಸಿದೆ. ದಾರ ಇನ್ನೂ ಗಟ್ಟಿ. ಉದುರಿದ ತೆನೆಯನ್ನು ಯಾರೋ ಪುಟ್ಟ ಕವರಿಗೆ ಹಾಕಿ ಅಂಟಿಸಿದ್ದಾರೆ. ಸ್ಥಳ: ಸಂಡೂರು. ವಾಸನೆ ಅನ್ನುವ ಕಡೆ ನನ್ನದೇ ಕೈಬರಹದ ಪ್ರಶ್ನೆ ಚಿಹ್ನೆ.