ಖಾಲಿ ಬಿಟ್ಟ ತಂದೆಯ ಕಾಲಂ

ಇಂಗ್ಲೆಂಡಿನ ಒಂದು ಕೌಂಟಿಯ ಹಳೇ ದಾಖಲೆಗಳ ಕಚೇರಿಯಲ್ಲಿ ನನಗೆ ಕೆಲಸ. ವಂಶದ ಬೇರು ಹುಡುಕಿಕೊಂಡು ಬರುವವರಿಗೆ ರಿಜಿಸ್ಟರ್ ತೆಗೆದುಕೊಡುವುದು, ದೂರದಲ್ಲಿರುವವರ ಪರವಾಗಿ ನಾವೇ ಹುಡುಕಿ ಬರೆದು ಕಳಿಸುವುದು. ಅವರು ಕೇಳುವುದು ದೊಡ್ಡ ಮನೆತನಗಳ ಬಗ್ಗೆ ಅಲ್ಲ. ಹೊಲದ ಕೂಲಿ, ಗಣಿಯಾಳು, ಮನೆಗೆಲಸದ ಹೆಂಗಸು, ಇಂಥವರ ಬಗ್ಗೆ.

ಸೇರಿದ ಮೊದಲ ವರ್ಷ ಹಿರಿಯ ಮಹಿಳೆಯೊಬ್ಬರು ತಮ್ಮ ಮುತ್ತಜ್ಜನ ತಂದೆಯನ್ನು ಹುಡುಕಿಕೊಡಿ ಎಂದು ಬರೆದರು. ಆ ಮುತ್ತಜ್ಜ 1851ರ ಜನಗಣತಿಯಲ್ಲಿ ಸಿಕ್ಕ: ವಯಸ್ಸು 34, ಹೊಲದ ಕೂಲಿ, ಹುಟ್ಟಿದೂರಿನ ಹೆಸರೂ ಇತ್ತು. 1841ರ ಗಣತಿ ಅವನಿಗೆ 20 ಎಂದಿತ್ತು. ಆ ಸಲ 15 ದಾಟಿದವರ ವಯಸ್ಸನ್ನು ಐದೈದರ ಲೆಕ್ಕಕ್ಕೆ ಇಳಿಸಿ ಬರೆಯಲು ಹೇಳಿದ್ದರು, 24 ಆದವನೂ 20 ಆಗುತ್ತಿದ್ದ. ಹಾಗಾಗಿ ಅದು ಅಡ್ಡಿಯಾಗಲಿಲ್ಲ.

ಇಂಗ್ಲೆಂಡಿನಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಅದಕ್ಕೂ ಹಿಂದಿನದು ಬೇಕೆಂದರೆ ಚರ್ಚಿನ ಪುಸ್ತಕಗಳೇ ಗತಿ. ಅದೇ ಊರಿನಲ್ಲಿ 1816ರ ದೀಕ್ಷಾಸ್ನಾನ (ಹುಟ್ಟಿದ ಮಗುವಿಗೆ ಚರ್ಚಿನಲ್ಲಿ ಮಾಡಿಸುವ ಸಂಸ್ಕಾರ), ಅದೇ ಹೆಸರು, ತಂದೆ ತಾಯಿ ಇಬ್ಬರೂ ಇದ್ದಾರೆ. ಖುಷಿಯಲ್ಲಿ ಇನ್ನೆರಡು ತಲೆಮಾರು ಹಿಂದಕ್ಕೆ ಹೋಗಿ ವಂಶವೃಕ್ಷ ಬರೆದು ಮೇಲಿನವರಿಗೆ ತೋರಿಸಿದೆ.

ಅವರು ಕೇಳಿದ್ದು ಒಂದೇ: "ಈ ಮಗು ಬದುಕಿತ್ತು ಅಂತ ಯಾರು ಹೇಳಿದರು?"

ಹೂಳಿದವರ ರಿಜಿಸ್ಟರ್ ತೆರೆದೆ. 1813ರಿಂದ ಅದು ಅಚ್ಚಿನ ಫಾರಂನಲ್ಲಿದೆ, ವಯಸ್ಸಿಗೆಂದೇ ಒಂದು ಕಾಲಂ. 1819ರಲ್ಲಿ ಅದೇ ಹೆಸರಿನ, ಅದೇ ಊರಿನ ಮಗು, ವಯಸ್ಸು 3. ನಾನು ಬರೆದ ಮರ ಅಲ್ಲಿಗೇ ಮುಗಿಯಿತು. ಆ ಹಾಳೆ ನೋಡುತ್ತಾ ನನಗೆ ನಾಚಿಕೆಗಿಂತ ಹೆಚ್ಚಾಗಿ ಸಂಕಟವಾಯಿತು. ತೀರಿಕೊಂಡ ಮಗುವಿನ ಬೆನ್ನಿಗೆ ನಾನು ಹೆಂಡತಿ ಮಕ್ಕಳನ್ನು ಕಟ್ಟಿದ್ದೆ.

ಸುಳಿವು ಮೊದಲೇ ಕೈಯಲ್ಲಿತ್ತು. 1840ರ ಮದುವೆ ಪ್ರಮಾಣಪತ್ರದಲ್ಲಿ ವರನ ತಂದೆಯ ಹೆಸರು, ಕಸುಬು ಎರಡೂ ಕಡೆ ಬರೀ ಗೀಟು. ಬರೆದವರ ಅಸಡ್ಡೆ ಎಂದುಕೊಂಡು ಮುಂದೆ ಹೋಗಿದ್ದೆ. ತಂದೆಯ ಹೆಸರು ಕೊಡಲಾಗದವನೂ ಆ ಕಾಲಂ ಖಾಲಿ ಬಿಡಿಸುತ್ತಾನೆ ಎಂಬುದು ಹೊಳೆಯಲಿಲ್ಲ.

1861ರ ಗಣತಿಯನ್ನೂ ತೆಗೆದೆ. ಹುಟ್ಟಿದೂರು ಬೇರೆ ಇತ್ತು, ಮೂರು ಮೈಲಿ ಆಚೆಯ ಪ್ಯಾರಿಷ್, ಅಂದರೆ ಬೇರೊಂದು ಚರ್ಚಿನ ವ್ಯಾಪ್ತಿಯ ಊರು. ಅಲ್ಲಿಯೂ 1816ರ ದೀಕ್ಷಾಸ್ನಾನ, ತಾಯಿಯ ಹೆಸರು ಮಾತ್ರ, ಪಕ್ಕದಲ್ಲಿ ಮದುವೆಯಿಲ್ಲದೆ ಹುಟ್ಟಿದ್ದು ಎಂಬ ಟಿಪ್ಪಣಿ. ಇಂಥ ಮಗುವನ್ನು ಸಾಕುವ ಹೊರೆ ಪ್ಯಾರಿಷ್ ಮೇಲೆ ಬೀಳಬಾರದೆಂದು ಅಲ್ಲಿನ ಬಡವರಿಗೆ ನೆರವು ಕೊಡುವ ಹೊಣೆ ಹೊತ್ತ ಮೇಲ್ವಿಚಾರಕರು ತಾಯಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ತಂದೆ ಯಾರೆಂದು ಹೇಳಿಸುತ್ತಿದ್ದರು. ಆ ಪ್ಯಾರಿಷ್‌ನ ಕಾಗದದ ಕಟ್ಟಿನಲ್ಲಿ ಅವಳ ಹೇಳಿಕೆ ಉಳಿದಿತ್ತು. ಅದರಲ್ಲಿ ಆ ಗಂಡಸಿನ ಹೆಸರು, ಕೆಳಗೆ ಅವಳ ಸಹಿಯ ಜಾಗದಲ್ಲಿ ಓರೆಯಾದ ಒಂದು ಇಂಟು ಗುರುತು.

ಈಗ ದೀಕ್ಷಾಸ್ನಾನ ಸಿಕ್ಕ ಕೂಡಲೇ ಬರೆಯಲು ಕೂರುವುದಿಲ್ಲ. ಮೊದಲು ಅಲ್ಲಿಂದ ಮದುವೆಯ ವರ್ಷದವರೆಗಿನ ಸಾವಿನ ಪುಟಗಳು, ಆಮೇಲೆ ಸುತ್ತಲಿನ ಪ್ಯಾರಿಷ್‌ಗಳು, ಅವನು ಬದುಕಿದ್ದಷ್ಟೂ ಗಣತಿಗಳು. ಒಂದು ಹೆಸರಿಗೆ ಎರಡು ದಿನ ಹಿಡಿದರೂ ಸರಿ.

ಆ ಮಹಿಳೆಗೆ ಇದನ್ನು ಹೇಗೆ ತಿಳಿಸುವುದೆಂದು ಹಿಂಜರಿದೆ. ಏನೂ ಮುಚ್ಚಿಡದೆ ಬರೆದು ಕಳಿಸಿದೆ. ವಾರದಲ್ಲಿ ಉತ್ತರ ಬಂತು. ವಂಶವೃಕ್ಷದ ಬಗ್ಗೆ ಒಂದು ಮಾತೂ ಇರಲಿಲ್ಲ. ಆ ಹೇಳಿಕೆಯ ಪ್ರತಿ ಬೇಕು, ಅವಳು ಹಾಕಿದ ಗುರುತು ಚೆನ್ನಾಗಿ ಕಾಣುವಂತೆ ತೆಗೆಸಿ ಕಳಿಸಿ ಎಂದು ಕೇಳಿದ್ದರು.