ಹೊದೈದಾ ಬಂದರಿನ ನಾಲ್ಕು ಕ್ರೇನ್‌ಗಳು

2015ರ ಏಪ್ರಿಲ್‌ವರೆಗೆ ನಾನು ಯೆಮೆನ್‌ನ ಹೊದೈದಾದಲ್ಲಿ ನರ್ಸ್ ಆಗಿದ್ದೆ. ವಾರ್ಡ್ ಗುಡಿಸಲು ಬರುತ್ತಿದ್ದ ಅಕ್ಕ ಬೆಳಿಗ್ಗೆ ಬಟ್ಟೆಯಲ್ಲಿ ಸುತ್ತಿ ಬಿಸಿ ರೊಟ್ಟಿ ತರುತ್ತಿದ್ದರು. ನನಗೆ ಮುರಿದು ಕೊಟ್ಟ ಮೇಲೇ ಅವರು ಬಾಯಿಗಿಡುತ್ತಿದ್ದದ್ದು. ಯುದ್ಧ ಶುರುವಾದಾಗ ನಮ್ಮ ನೌಕಾಪಡೆಯ ಹಡಗು ಬಂತು. ಜಿಬೂತಿ ಮೂಲಕ ನಾನು ಊರು ಸೇರಿದೆ. ಅವರು ಅಲ್ಲೇ ಉಳಿದರು.

ಯೆಮೆನ್‌ಗೆ ಬೇಕಾದ ಆಹಾರದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹೊರಗಿನಿಂದಲೇ ಬರಬೇಕು. ಜಾಸ್ತಿ ಇಳಿಯುವುದು ಹೊದೈದಾ ಕಡೆ. ಆ ಬಂದರಿನ ಕ್ರೇನ್‌ಗಳ ಮೇಲೆ 2015ರ ಆಗಸ್ಟ್‌ನಲ್ಲಿ ಹೂತಿ ಬಂಡುಕೋರರ ವಿರುದ್ಧ ಯುದ್ಧಕ್ಕಿಳಿದಿದ್ದ ಸೌದಿ ನೇತೃತ್ವದ ದೇಶಗಳ ಒಕ್ಕೂಟದ ವಿಮಾನಗಳು ಬಾಂಬ್ ಹಾಕಿದವು. ಆಮೇಲೆ ಅಮೆರಿಕ ಸರ್ಕಾರ ಕೊಟ್ಟ ಹಣದಲ್ಲಿ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದವರು ನಾಲ್ಕು ಕ್ರೇನ್ ಕೊಂಡರು. 2017ರ ಜನವರಿಯಲ್ಲಿ ಅವುಗಳನ್ನು ಹೊತ್ತ ಹಡಗನ್ನು ಒಕ್ಕೂಟ ವಾಪಸ್ ಕಳಿಸಿತು. ಕೊನೆಗೂ ಅವು ಇಳಿದದ್ದು 2018ರ ಜನವರಿಯಲ್ಲಿ. ಹಣ ಇತ್ತು, ಕ್ರೇನ್ ಇತ್ತು, ಆದರೂ ಒಂದು ವರ್ಷ! ಆ ಒಕ್ಕೂಟಕ್ಕೆ ಆಯುಧ ಮಾರುತ್ತಿದ್ದದ್ದೂ ಅಮೆರಿಕವೇ.

ಅದೇ 2018ರಲ್ಲಿ ಆ ಒಕ್ಕೂಟದ ಸೌದಿ ಮತ್ತು ಯುಎಇ ಸೇರಿ ಯೆಮೆನ್ ನೆರವಿಗೆ ವಿಶ್ವಸಂಸ್ಥೆಗೆ 93 ಕೋಟಿ ಡಾಲರ್ ಕೊಟ್ಟವು. ಆ ಹಣ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಹಸಿದ ಮಗುವನ್ನು ಎತ್ತಿ ತೂಕ ನೋಡಿದ ಕೈ ಇದು. ಆದರೆ ಅದನ್ನು ದಾನ ಅನ್ನಲು ಮನಸ್ಸು ಒಪ್ಪುವುದಿಲ್ಲ.

ನನಗೆ ತುಂಬಾ ಸಂಕಟ ಆದದ್ದು ರೆಡ್ ಸೀ ಮಿಲ್ಸ್ ಸುದ್ದಿ ಓದಿದಾಗ. ಊರಂಚಿನ ಆ ಹಿಟ್ಟಿನ ಗಿರಣಿಯಲ್ಲಿ 51,000 ಟನ್ ಗೋಧಿ ಇತ್ತು. 37 ಲಕ್ಷ ಜನರಿಗೆ ಒಂದು ತಿಂಗಳಿಗೆ ಸಾಕಾಗುವಷ್ಟು. ಸುತ್ತ ಕಾಳಗ ನಡೆದು 2018ರ ಸೆಪ್ಟೆಂಬರ್‌ನಿಂದ ಮುಂದಿನ ಫೆಬ್ರವರಿವರೆಗೆ ಅಲ್ಲಿಗೆ ಯಾರೂ ಹೋಗಲು ಆಗಲಿಲ್ಲ. ನಡುವೆ ಗೋಧಿ ತುಂಬಿಟ್ಟಿದ್ದ ಎರಡು ಸೈಲೋಗಳಿಗೆ (ಎತ್ತರದ ಕಣಜಗಳಿಗೆ) ಬೆಂಕಿ ಬಿತ್ತು. ಉಳಿದ ಗೋಧಿಗೆ ಹುಳ ಹಿಡಿಯಿತು. ನಮ್ಮ ಮನೆಯಲ್ಲಿ ಒಂದು ಡಬ್ಬಿ ಅಕ್ಕಿಗೆ ಹುಳ ಬಿದ್ದರೂ ಬಿಸಿಲಿಗೆ ಹರಡಿ, ಕೇರಿ, ಒಂದು ಕಾಳೂ ಬಿಡದೆ ಉಳಿಸಿಕೊಳ್ಳುತ್ತೇವೆ ಅಲ್ವಾ? ಅಲ್ಲಿ ಹಸಿದವರು ಹತ್ತಿರದಲ್ಲೇ ಇದ್ದರು. ಕೈ ಹಾಕಲು ದಾರಿ ಇರಲಿಲ್ಲ.

2020ರಲ್ಲಿ ಹೂತಿಗಳು ಹಂಚಿಕೆಗೆ ಅಡ್ಡಿ ಮಾಡುತ್ತಾರೆ ಅಂತ ಕೆಲವು ದೇಶಗಳು ನೆರವಿನ ಹಣ ತಡೆದವು. ಏಪ್ರಿಲ್‌ನಿಂದ ಹೂತಿಗಳ ಹಿಡಿತದ ಕಡೆಗಳಲ್ಲಿ ರೇಷನ್ ಅರ್ಧವಾಯಿತು, ಅಂದರೆ ಪ್ರತಿ ತಿಂಗಳ ಬದಲು ಎರಡು ತಿಂಗಳಿಗೊಮ್ಮೆ. ಹೊದೈದಾ ನಗರವೂ ಅದರಲ್ಲಿತ್ತು. ಆ ದಿನಗಳಲ್ಲಿ ಅಕ್ಕ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಕಳಿಸಿದ್ದರು. ಮೊದಲು ನನ್ನ ಮಗಳ ಆರೋಗ್ಯ ಕೇಳಿದರು. ಆಮೇಲೆ ಮೆಲ್ಲಗೆ, ಈ ತಿಂಗಳು ಹಿಟ್ಟು ಬರುವುದಿಲ್ಲ ಅಂದರು.