ಮಲ್ಪೆಯ ನೀರಿನಲ್ಲಿ ಬಾಲವಿಲ್ಲದ ಫೇಜ್‌ಗಳ ಹುಡುಕಾಟ: ಒಂಬತ್ತನೆಯ ವಾರ

ಹದಿನಾಲ್ಕು ಫೇಜ್‌ಗಳನ್ನು, ಅಂದರೆ ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್‌ಗಳನ್ನು, ಬೇರ್ಪಡಿಸಿಯಾಯಿತೆಂದು ಕಳೆದ ಬಾರಿ ಬರೆದಿದ್ದೆ. ಆ ಲೆಕ್ಕವನ್ನು ಈಗ ತಿದ್ದಬೇಕಾಗಿದೆ. ಮಲ್ಪೆಯ ಕಡಲ ನೀರನ್ನು 0.22 ಮೈಕ್ರೋಮೀಟರ್ ಶೋಧಕದಲ್ಲಿ ಸೋಸಿದ ಮೇಲೂ ಬ್ಯಾಕ್ಟೀರಿಯಾ ಉಳಿದೀತೆಂಬ ಅಂಜಿಕೆಯಿಂದ ನಾನು ಪ್ರತಿ ಮಾದರಿಗೂ ಕ್ಲೋರೋಫಾರ್ಮ್ ಹಾಕುತ್ತಿದ್ದೆ. ಕ್ಲೋರೋಫಾರ್ಮ್ ಕೊಬ್ಬನ್ನು ಕರಗಿಸುತ್ತದೆ. ಬಾಲವಿಲ್ಲದ ಹಲವು ಫೇಜ್‌ಗಳಂತೆ ಕವಚದಲ್ಲಿ ಕೊಬ್ಬಿನ ಪೊರೆಯಿರುವ ವೈರಸ್‌ಗಳು ಹುಡುಕುವ ಮೊದಲೇ ಸತ್ತುಹೋಗುತ್ತವೆ. ಹುಡುಕಬೇಕಾದದ್ದನ್ನೇ ನಾನು ತೊಳೆದು ಚೆಲ್ಲುತ್ತಿದ್ದೆ.

ಇದು ಗೊತ್ತಿಲ್ಲದ ವಿಷಯವೇನಲ್ಲ. ಚಿಲಿಯ ಕರಾವಳಿಯ ನೀರಿನಲ್ಲಿ ಸಿಕ್ಕಿ 1968ರಲ್ಲಿ ವರದಿಯಾದ ಪಿಎಂ2 ಫೇಜ್‌ನಲ್ಲಿ ಕೊಬ್ಬಿನ ಪೊರೆಯಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ನಹಾಂತ್ ತೀರದ ವಿಬ್ರಿಯೋ ಬ್ಯಾಕ್ಟೀರಿಯಾಗಳಿಂದ ಪಡೆದು 2018ರಲ್ಲಿ ಪ್ರಕಟಿಸಿದ ಆಟೋಲೈಕಿವಿರಿಡೇ ಕುಟುಂಬದ ಬಾಲವಿಲ್ಲದ ವೈರಸ್‌ಗಳು ಅಷ್ಟು ಕಾಲ ಕಣ್ತಪ್ಪಿಸಿಕೊಂಡದ್ದಕ್ಕೂ ಪ್ರಯೋಗಾಲಯದ ರೂಢಿಗಳೇ ಕಾರಣವಾಗಿದ್ದವು.

ಅದೃಷ್ಟವಶಾತ್, ಕ್ಲೋರೋಫಾರ್ಮ್ ತಾಗದ ಅರ್ಧ ಮಾದರಿ ಫ್ರಿಜ್‌ನಲ್ಲಿತ್ತು. ಭಾನುವಾರ ಅದನ್ನು ವಿಬ್ರಿಯೋ ನೇಟ್ರಿಯೆಜೆನ್ಸ್ ಜೊತೆ ಬೆರೆಸಿ, ಕೈಗೆ ಬೆಚ್ಚಗೆನಿಸುವಷ್ಟು ಆರಿದ ಮೆದು ಅಗರ್ ಜೆಲ್ಲಿಯಲ್ಲಿ ಕಲಸಿ ತಟ್ಟೆಗಳಿಗೆ ಸುರಿದೆ. ಈ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ ಹತ್ತು ನಿಮಿಷದೊಳಗೆ ಇಮ್ಮಡಿಯಾಗುವುದರಿಂದ ಸಂಜೆಗೇ ಹುಲುಸಾದ ಪದರ ಕಟ್ಟಿತ್ತು, ಅದರ ನಡುವೆ ಸಾಸಿವೆ ಗಾತ್ರದ ಸ್ವಚ್ಛ ಪ್ಲಾಕ್‌ಗಳು (ಫೇಜ್‌ಗಳು ಬ್ಯಾಕ್ಟೀರಿಯಾವನ್ನು ಕೊಂದ ಜಾಗಗಳು) ಮೂಡಿದ್ದವು. ಮರುದಿನ ತಟ್ಟೆಯನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದಾಗ ಗಸಗಸೆಗಿಂತಲೂ ಚಿಕ್ಕದಾದ, ಅಂಚು ಮಸುಕಾದ ಏಳು ಚುಕ್ಕೆಗಳು ಕಂಡವು. ಮೂರು ಬಾರಿ ಶುದ್ಧೀಕರಿಸಿದ ಮೇಲೆ ಅವುಗಳಲ್ಲಿ ಉಳಿದವು ಎರಡು. ಕ್ಲೋರೋಫಾರ್ಮ್ ತಾಗಿಸಿದರೆ ಎರಡೂ ಸಾಯುತ್ತವೆ.

ಡಿಎನ್‌ಎ ತೆಗೆಯುವಾಗ ಇನ್ನೊಂದು ತೊಡಕು ಎದುರಾಯಿತು. ಎಂದಿನ ವಿಧಾನದಲ್ಲಿ ತೆಗೆದು, ಡಿಎನ್‌ಎಯನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ ತೋರಿಸುವ ಜೆಲ್‌ನಲ್ಲಿ ಓಡಿಸಿದರೆ ಎರಡೂ ಸಾಲು ಖಾಲಿ. ಆಟೋಲೈಕಿವೈರಸ್‌ಗಳ ಡಿಎನ್‌ಎ ತುದಿಗಳಿಗೆ ಪ್ರೋಟೀನ್ ಅಂಟಿಕೊಂಡಿರುವುದರಿಂದ, ಪ್ರೋಟೀನನ್ನು ಬೇರ್ಪಡಿಸಿ ಬಿಸಾಡುವಾಗ ಡಿಎನ್‌ಎಯೂ ಅದರೊಂದಿಗೆ ಹೊರಟುಹೋಗುತ್ತದೆ ಎಂಬುದು ನೆನಪಾಗಿ, ಎರಡನೆಯ ಸಲ ಮೊದಲು ಪ್ರೋಟೀನನ್ನು ಒಡೆಯುವ ಕಿಣ್ವವಾದ ಪ್ರೋಟಿಯೇಸ್ ಹಾಕಿ ನೋಡಿದೆ. ಒಂದರಲ್ಲಿ ಸುಮಾರು 10,000 ಬೇಸ್ ಜೋಡಿಗಳ (ಡಿಎನ್‌ಎ ಉದ್ದವನ್ನು ಅಳೆಯುವ ಘಟಕ) ಮಟ್ಟದಲ್ಲಿ ತೆಳುವಾದ ಪಟ್ಟಿ ಕಂಡಿತು. ಇನ್ನೊಂದರದು ಈಗಲೂ ಖಾಲಿಯೇ.

ಇಷ್ಟರಿಂದ ಕುಟುಂಬದ ಹೆಸರಿಡುವುದು ದುಡುಕಾದೀತು. ಪಿಎಂ2ರ ಜೀನೋಮೂ, ಅಂದರೆ ಅದರ ಇಡೀ ಡಿಎನ್‌ಎಯೂ, ಹೆಚ್ಚುಕಡಿಮೆ ಇಷ್ಟೇ ಉದ್ದದ್ದು. ಆದರೆ ಅದು ಉಂಗುರಾಕಾರದ್ದು, ಆಟೋಲೈಕಿಗಳದ್ದು ನೇರವಾದದ್ದು. ಇನ್ನು, ಪ್ರೋಟಿಯೇಸ್ ಬರೀ ಕವಚವನ್ನು ಒಡೆದು ಒಳಗಿನ ಡಿಎನ್‌ಎ ಬಿಡಿಸಿರಲೂಬಹುದು. ಆಕಾರ ನೋಡಿ ವರ್ಗೀಕರಿಸುವ ಕಾಲವಂತೂ ಮುಗಿದಿದೆ: ಬಾಲವಿರುವ ಫೇಜ್‌ಗಳ ಮಯೋ, ಸೈಫೋ, ಪೋಡೋ ಕುಟುಂಬಗಳನ್ನೇ ಅಂತರರಾಷ್ಟ್ರೀಯ ವೈರಸ್ ವರ್ಗೀಕರಣ ಸಮಿತಿ 2022ರಲ್ಲಿ ಕೈಬಿಟ್ಟು, ಜೀನೋಮ್ ಹೋಲಿಕೆಗೆ ಆದ್ಯತೆ ನೀಡಿತು. ಎರಡು ಫೇಜ್‌ಗಳು ಒಂದೇ ಪ್ರಭೇದವೆನ್ನಲು ಜೀನೋಮ್‌ಗಳಲ್ಲಿ ಶೇ. 95ರಷ್ಟು ಹೋಲಿಕೆ ಬೇಕು.

ಮುಂದಿನ ಭಾನುವಾರ ಆ ಡಿಎನ್‌ಎಯನ್ನು ಎಕ್ಸೋನ್ಯೂಕ್ಲಿಯೇಸ್ 3ಕ್ಕೆ ಒಡ್ಡುತ್ತೇನೆ. ಅದು ತುದಿಯಿಂದ ಕೊರೆಯುವ ಕಿಣ್ವವಾದ್ದರಿಂದ ಇಡಿಯಾದ ಉಂಗುರವನ್ನು ಮುಟ್ಟುವುದಿಲ್ಲ. ಪಟ್ಟಿ ಮಾಯವಾದರೆ ಜೀನೋಮ್ ನೇರವಾಗಿದೆಯೆಂದು ತಿಳಿದು ಅನುಕ್ರಮ ಓದಿಸಲು ಕಳುಹಿಸುತ್ತೇನೆ. ಹಳೆಯ ಹದಿನಾಲ್ಕರ ಪಟ್ಟಿಯ ನೆತ್ತಿಯ ಮೇಲೆ ‘ಕ್ಲೋರೋಫಾರ್ಮ್ ತಾಗಿದವು ಮಾತ್ರ’ ಎಂದು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ.